ಭೂತಾನಕ್ಕೆ ಅಧ್ಯಯನ ಪ್ರವಾಸ: ಏನು ನೋಡಬೇಕು, ಏನು ಬಿಡಬೇಕು?

ಪ್ರಶ್ನೆ (ಉಪನ್ಯಾಸಕಿ, ಸಾಗರ): ನಮ್ಮ ಡಿಗ್ರಿ ಕಾಲೇಜಿನ 28 ಮಕ್ಕಳನ್ನು ನವೆಂಬರಿನಲ್ಲಿ ಭೂತಾನಕ್ಕೆ ಕರೆದೊಯ್ಯುವ ಯೋಚನೆ ಇದೆ. ವಿಷಯ ಸುಸ್ಥಿರ ಅಭಿವೃದ್ಧಿ, ನೈಸರ್ಗಿಕ ಸಂಪನ್ಮೂಲಗಳ ಬಳಕೆ. ಏಜೆಂಟ್ ಕೊಟ್ಟ ಏಳು ರಾತ್ರಿಯ ಪಟ್ಟಿಯಲ್ಲಿ ಥಿಂಪುವಿನ ದೊಡ್ಡ ಬುದ್ಧ, ಪಾರೋದ ತಕ್ತ್‌ಸಂಗ್ ಮಠ, ಪುನಾಖಾ ಕೋಟೆ ಇವೆ. ಜೊತೆಗೆ 'ಒಟ್ಟು ರಾಷ್ಟ್ರೀಯ ಸಂತೋಷ'ದ (ದೇಶದ ಪ್ರಗತಿಯನ್ನು ಜನರ ಸಂತೋಷದಿಂದ ಅಳೆಯುವ ಭೂತಾನದ ನೀತಿ) ಮೇಲೆ ಎರಡು ಗಂಟೆ ಉಪನ್ಯಾಸ. ಇಷ್ಟು ಸಾಕಾ? ಮಕ್ಕಳನ್ನು ಕರೆದುಕೊಂಡು ಹೋಗಿ ಬಂದ ಅನುಭವ ನಿಮಗಿದೆ, ಹೇಳಿ.

ಉತ್ತರ: ಸಾಕಾಗಲ್ಲ ಮೇಡಂ. ಇದು ಹನಿಮೂನ್ ಪಟ್ಟಿ, ಉಪನ್ಯಾಸ ಮಾತ್ರ ಒಗ್ಗರಣೆ. ಮೊದಲ ಸಲ ನಾನೂ ಹೀಗೇ ಮೋಸ ಹೋದೆ. ಬಸ್ಸಿನಲ್ಲಿ ಕೂತಿದ್ದು, ಫೋಟೋ ತೆಗೆದಿದ್ದು ಬಿಟ್ಟರೆ ಮಕ್ಕಳ ವರದಿಯಲ್ಲಿ ಏನೂ ಇರಲಿಲ್ಲ. "ಭೂತಾನದ ಜನ ಸಂತೋಷವಾಗಿದ್ದಾರೆ" ಅಂತ ಮೂವತ್ತು ಜನ ಮೂವತ್ತು ರೀತಿ ಬರೆದಿದ್ದರು.

ನನ್ನ ಸಲಹೆ: ಪಾರೋ, ಪುನಾಖಾ ಕೈಬಿಡಿ. ನೀರು ಮತ್ತು ಕಾಡು, ಈ ಎರಡನ್ನೇ ಹಿಡಿಯಿರಿ. ನಾಲ್ಕು ರಾತ್ರಿ ಒಂದೇ ಕಣಿವೆಯಲ್ಲಿ ಇರಿ.

ನೀರು ದಾರಿಯಲ್ಲೇ ಸಿಗುತ್ತದೆ. ಗಡಿಯೂರು ಫುಂಟ್‌ಶೋಲಿಂಗ್‌ನಿಂದ ರಾಜಧಾನಿ ಥಿಂಪುವಿಗೆ ಐದಾರು ಗಂಟೆಯ ಘಾಟಿ. ನಡುವೆ ವಾಂಗ್‌ಛು ನದಿಯ ಮೇಲೆ ಚುಖಾ ಜಲವಿದ್ಯುತ್ ಯೋಜನೆ, 336 ಮೆಗಾವ್ಯಾಟ್. ಭಾರತದ ಹಣದಲ್ಲಿ ಕಟ್ಟಿದ್ದು, 60% ಅನುದಾನ, 40% ಸಾಲ, 1980ರ ದಶಕದ ಕೊನೆಯ ಭಾಗದಲ್ಲಿ ವಿದ್ಯುತ್ ಉತ್ಪಾದನೆ ಶುರುವಾಯಿತು. ನಿಮ್ಮ ಮಕ್ಕಳಿಗೆ ಅಣೆಕಟ್ಟು ಅಂದರೆ ಲಿಂಗನಮಕ್ಕಿ. 1964ರಲ್ಲಿ ನೀರು ನಿಂತು ಊರೂರೇ ಮುಳುಗಿದ ಕಥೆ ಕೇಳಿಯೇ ಬೆಳೆದವರು ಅವರು. ಇಲ್ಲಿ ಆ ಬಗೆಯ ಜಲಾಶಯ ಕಾಣುವುದಿಲ್ಲ. ಹೊಳೆಯನ್ನು ಸುರಂಗಕ್ಕೆ ತಿರುಗಿಸಿ ಕೆಳಗಿನ ಪವರ್‌ಹೌಸಿಗೆ ಬೀಳಿಸುತ್ತಾರೆ. ಮುಳುಗಡೆ ಕಡಿಮೆ, ನಿಜ. ಆದರೆ ಅಣೆಕಟ್ಟಿಗೂ ಪವರ್‌ಹೌಸಿಗೂ ನಡುವಿನ ಹೊಳೆಗೆ ನೀರು ತೀರಾ ಕಮ್ಮಿ. ನೀರು ಕೂಡಿಡುವ ಜಾಗ ಇಲ್ಲದ್ದರಿಂದ ಚಳಿಗಾಲದಲ್ಲಿ ಹೊಳೆ ಇಳಿದರೆ ಕರೆಂಟೂ ಇಳಿಯುತ್ತದೆ. ಮಳೆಗಾಲದಲ್ಲಿ ನಮಗೆ ವಿದ್ಯುತ್ ಮಾರುವ ದೇಶ ಚಳಿಗಾಲದಲ್ಲಿ ನಮ್ಮಿಂದಲೇ ಕೊಳ್ಳುತ್ತದೆ. ಇದನ್ನು ಮಕ್ಕಳೇ ಕಂಡುಕೊಳ್ಳಲಿ, ನೀವು ಮೊದಲೇ ಹೇಳಬೇಡಿ.

ಸಮಯ ಇದ್ದರೆ ವಾಂಗ್ದಿ ಊರಿನ ಕೆಳಗೆ ಪುನಾತ್‌ಸಾಂಗ್‌ಛು-1 ಅನ್ನುವ ಇನ್ನೊಂದು ಜಲವಿದ್ಯುತ್ ಯೋಜನೆಯ ಕಡೆ ಒಂದು ಸುತ್ತು ಹಾಕಿ. 1200 ಮೆಗಾವ್ಯಾಟ್ ಯೋಜನೆ, 2008ರಲ್ಲಿ ಕೈ ಹಚ್ಚಿದ್ದು. 2013ರಲ್ಲಿ ಬಲದಂಡೆಯ ಗುಡ್ಡ ಜಾರಿತು, ಆಮೇಲೆ ವರ್ಷಗಟ್ಟಲೆ ಅದು ಏಳಲಿಲ್ಲ. ಹಿಮಾಲಯದ ಗುಡ್ಡ ನಮ್ಮ ಸಹ್ಯಾದ್ರಿಯಷ್ಟು ಗಟ್ಟಿ ಅಲ್ಲ ಅನ್ನುವುದು ಆ ಗಾಯ ನೋಡಿದರೆ ಸಾಕು, ಅರ್ಥವಾಗುತ್ತದೆ.

ಕಾಡಿಗೆ ಫೋಬ್‌ಜಿಖಾ ಕಣಿವೆ. ಆ ನಾಲ್ಕು ರಾತ್ರಿ ಇಲ್ಲೇ ಇರಿ. ನವೆಂಬರ್ ಸರಿಯಾದ ಹೊತ್ತು, ಟಿಬೆಟ್ ಕಡೆಯಿಂದ ಕಪ್ಪು ಕುತ್ತಿಗೆಯ ಕೊಕ್ಕರೆಗಳು ಬಂದಿರುತ್ತವೆ. ಅವುಗಳ ಹಾರಾಟಕ್ಕೆ ಅಡ್ಡಿಯಾಗಬಾರದೆಂದು ಕಣಿವೆಯಲ್ಲಿ ವಿದ್ಯುತ್ ತಂತಿಯನ್ನು ನೆಲದಡಿ ಎಳೆದಿದ್ದಾರೆ. ಆದರೆ ಕೊಕ್ಕರೆ ನೋಡಿ ವಾಪಸ್ ಬರಬೇಡಿ. ಆಲೂಗಡ್ಡೆ ಬೆಳೆಯುವವರ ಮನೆಯಲ್ಲಿ ಉಳಿಯಿರಿ. ಆ ಆಲೂಗಡ್ಡೆ ಫುಂಟ್‌ಶೋಲಿಂಗ್‌ನ ಹರಾಜು ಕಟ್ಟೆಗೆ ಬಂದು ಭಾರತದ ವ್ಯಾಪಾರಿಗಳ ಪಾಲಾಗುತ್ತದೆ. ಬರುವಾಗಲೋ ಹೋಗುವಾಗಲೋ ಅದನ್ನೂ ತೋರಿಸಿ.

ಒಂದು ದೃಶ್ಯ ಹೇಳುತ್ತೇನೆ. ನಾವಿದ್ದ ಮನೆಯಾಕೆ ಬೆಳಿಗ್ಗೆ ಬೆನ್ನ ಮೇಲೆ ಬುಟ್ಟಿ ಹೊತ್ತು ಗುಡ್ಡ ಇಳಿದರು. ಬುಟ್ಟಿಯ ತುಂಬ ಒಣ ಎಲೆ, ಪೈನ್ ಸೂಜಿ. ಕೊಟ್ಟಿಗೆಗೆ ಸುರಿದು ಕಾಲಲ್ಲೇ ಹರಡಿದರು. ನಮ್ಮ ತಂಡದ ಸಿರ್ಸಿ ಹುಡುಗಿ ಒಂದು ಮುಷ್ಟಿ ಎತ್ತಿ ಮೂಸಿ, "ಸರ್, ಇದು ದರಕು!" ಅಂದಳು. ದನದ ಕೆಳಗೆ ಹಾಸು, ಸಗಣಿಯೊಂದಿಗೆ ಕೊಳೆತು ಗೊಬ್ಬರ. ಅದಕ್ಕೆಂದೇ ಮನೆಗಳ ಹಕ್ಕಿನ ಕಾಡು ಇರುತ್ತಿತ್ತು, ಅಲ್ಲಿ ಅದನ್ನು 'ಸೊಕ್‌ಶಿಂಗ್' ಅನ್ನುತ್ತಾರೆ. ನಮ್ಮ ಅಡಿಕೆ ತೋಟದವರು ಸೊಪ್ಪು, ದರಕು ತರುವ ಸೊಪ್ಪಿನ ಬೆಟ್ಟದ ಅಣ್ಣನೋ ತಮ್ಮನೋ. 2007ರ ಭೂ ಕಾಯ್ದೆ ಆ ಹಕ್ಕನ್ನು ಸರ್ಕಾರಕ್ಕೆ ಮರಳಿಸಿತು. ಬೆಟ್ಟ ಯಾರದ್ದು ಅನ್ನುವ ಜಗಳ ಸಿರ್ಸಿಯ ಮಕ್ಕಳಿಗೆ ಹೊಸದೇ? ಆ ದಿನ ಅವಳು ಕೇಳಿದ ಪ್ರಶ್ನೆಗಳು ಯಾವ ಪಿಪಿಟಿಯಲ್ಲೂ ಇರಲಿಲ್ಲ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಸಂವಿಧಾನದಲ್ಲೇ 60% ಕಾಡು ಇರಲೇಬೇಕು ಅಂತ ಬರೆದುಕೊಂಡ ದೇಶ ಅದು. ತಪ್ಪು ಹುಡುಕಲಿಕ್ಕೇ ಮಕ್ಕಳನ್ನು ಕರೆದೊಯ್ಯಬೇಕಾ?

ಉತ್ತರ: ತಪ್ಪು ಹುಡುಕಿ ಅನ್ನಲಿಲ್ಲ ಸಾರ್, ಲೆಕ್ಕ ಕೇಳಿ ಅಂದೆ. 2008ರ ಸಂವಿಧಾನದ ಆ ಮಾತು ದೊಡ್ಡದು, ಇವತ್ತಿಗೂ ಹೆಚ್ಚುಕಡಿಮೆ 70% ಕಾಡಿದೆ. ಆದರೆ ಕಾಡಂಚಿನ ಗದ್ದೆಗೆ ಇಳಿಯುವ ಹಂದಿಯ ಖರ್ಚು ಯಾರ ತಲೆಗೆ? ಹಗಲು ನಮ್ಮ ಮಕ್ಕಳು ಪ್ರಶ್ನಾವಳಿ ಹಿಡಿದು ಹೋದಾಗ ಆ ಮನೆಯಾಕೆ ಎಲ್ಲಕ್ಕೂ "ಚೆನ್ನಾಗಿದೆ" ಅಂದರು. ರಾತ್ರಿ ಬುಖಾರಿ ಒಲೆಯ ಸುತ್ತ ಕೂತಾಗ, ಕಾಗದ ಒಳಗಿಟ್ಟ ಮೇಲೆ, ಹಂದಿ ಕಾಯಲು ರಾತ್ರಿಯಿಡೀ ಎಚ್ಚರ ಇರುವುದು, ಮಗ ಆಸ್ಟ್ರೇಲಿಯಾಕ್ಕೆ ಹೋಗಿದ್ದು ಎಲ್ಲ ಹೊರಬಂತು. ಜನ ಬಿಟ್ಟುಹೋದ ಮನೆಗೆ ಅಲ್ಲಿ 'ಗುಂಗ್‌ಟೋಂಗ್' ಅಂತ ಒಂದು ಪದವೇ ಇದೆ. ನಾಲ್ಕು ರಾತ್ರಿ ಇರಿ ಅಂದಿದ್ದು ಇದಕ್ಕೇ.

ಪ್ರಶ್ನೆ (ಪೋಷಕರು): ಖರ್ಚು ಎಷ್ಟಾಗುತ್ತೆ? ಪಾಸ್‌ಪೋರ್ಟ್ ಬೇಕಾ?

ಉತ್ತರ: ಭಾರತೀಯರಿಗೆ ತಲೆಗೆ ರಾತ್ರಿಗೆ 1200 ರೂಪಾಯಿ 'ಸುಸ್ಥಿರ ಅಭಿವೃದ್ಧಿ ಶುಲ್ಕ'. 28 ಮಕ್ಕಳಿಗೆ ಏಳು ರಾತ್ರಿ ಅಂದರೆ 2,35,200, ಮೇಷ್ಟ್ರುಗಳದ್ದು ಬೇರೆ. ಇದನ್ನು ಏಜೆಂಟ್ ಪಟ್ಟಿಯಲ್ಲಿ ಬಿಡಿಸಿ ತೋರಿಸಲು ಹೇಳಿ. ನಮ್ಮ ಏಜೆಂಟ್ 'ಇತರೆ' ಅಂತ ಬರೆದು ಕೊನೆಗೆ ಜಗಳವಾಗಿತ್ತು. ಥಿಂಪು-ಪಾರೋ ದಾಟಿ ಮುಂದೆ ಹೋಗಲು ಗೈಡ್ ಬೇಕು, ಅವರ ಖರ್ಚೂ ಸೇರಿಸಿ. ರೈಲಿನಲ್ಲಿ ಪಶ್ಚಿಮ ಬಂಗಾಳದ ಹಾಸಿಮಾರಾದಲ್ಲಿ ಇಳಿದರೆ ಗಡಿ ಹತ್ತಿರ.

ಪಾಸ್‌ಪೋರ್ಟ್ ಇಲ್ಲದಿದ್ದರೆ ವೋಟರ್ ಐಡಿ ನಡೆಯುತ್ತದೆ. ಆಧಾರ್ ನಡೆಯಲ್ಲ. ಎಲ್ಲರೂ ಎಡವುವುದು ಇಲ್ಲೇ.

ಪ್ರಶ್ನೆ (ಸಾಗರದ ಉಪನ್ಯಾಸಕಿ): ಈಗಷ್ಟೇ ವಾಟ್ಸಾಪಿನಲ್ಲಿ ಕೇಳಿದೆ. 28ರಲ್ಲಿ 17 ಮಕ್ಕಳ ಬಳಿ ಆಧಾರ್ ಬಿಟ್ಟು ಬೇರೇನೂ ಇಲ್ಲ!

ಉತ್ತರ: ಹದಿನೆಂಟು ತುಂಬಿದವರೆಲ್ಲ ಈ ವಾರವೇ ವೋಟರ್ ಐಡಿಗೆ ಅರ್ಜಿ ಹಾಕಲಿ. ಕಾರ್ಡ್ ಕೈಗೆ ಬರುವ ತನಕ ರೈಲು ಟಿಕೆಟ್ ಮಾಡಿಸಬೇಡಿ. ಕಾಯುವಷ್ಟರಲ್ಲಿ ಒಂದು ಭಾನುವಾರ ಅವರನ್ನು ಲಿಂಗನಮಕ್ಕಿ ಹಿನ್ನೀರಿನ ಆಚೆಗೆ, ಮುಳುಗಡೆಯಾದವರ ಮನೆಗೆ ಕಳಿಸಿ. ಚುಖಾದಲ್ಲಿ ಏನು ಕೇಳಬೇಕು ಅನ್ನುವುದು ಅಲ್ಲೇ ಹೊಳೆಯುತ್ತದೆ.