ಅಪ್‌ಡೇಟ್: ರೇಷ್ಮೆ ಪಂಚೆ ಮೇಲಿನ ಸಾಂಬಾರ್ ಕಲೆ

ಹೋದ ವಾರ ಕೇಳಿದ್ನಲ್ಲ, ತಂಗಿ ಮದ್ವೆ ಊಟದಲ್ಲಿ ಬಡಿಸೋರ ಕೈ ಜಾರಿ ನನ್ನ ಕ್ರೀಮ್ ಕಲರ್ ರೇಷ್ಮೆ ಪಂಚೆ ಮೇಲೆ ಸಾಂಬಾರ್ ಬಿತ್ತು ಏನ್ಮಾಡ್ಲಿ ಅಂತ, ಅದರ ಕಥೆ ಇದು. ಉತ್ತರ ಕೊಟ್ಟೋರಿಗೆಲ್ಲ ಥ್ಯಾಂಕ್ಸ್.

ಮೊದ್ಲು ನನ್ನ ಪೆದ್ದುತನ ಹೇಳ್ಬಿಡ್ತೀನಿ. ನಿಮ್ಮ ಉತ್ತರ ಬರೋಕೆ ಮುಂಚೆನೇ ಬಟ್ಟೆ ಸೋಪ್ ಹಚ್ಚಿ ಉಜ್ಜಿದ್ದೆ, ಹಳದಿ ಕಲೆ ಕೆಂಪಗಾಗೋಯ್ತು! ಎದೆ ಧಸಕ್ಕಂತು. ಆಮೇಲೆ ಗೊತ್ತಾಯ್ತು ಸೋಪಿನ ಕ್ಷಾರಕ್ಕೆ ಅರಿಶಿನ ಕೆಂಪಾಗುತ್ತೆ ಅಂತ, ನಮ್ಮ ಆರತಿ ಓಕುಳಿ ನೀರಿಗೆ ಸುಣ್ಣ ಹಾಕಿದ್ರೆ ಕೆಂಪಾಗಲ್ವಾ ಅದೇ ಲೆಕ್ಕ. ತಣ್ಣೀರಲ್ಲಿ ಚೆನ್ನಾಗಿ ಜಾಲಿಸಿದ್ಮೇಲೆ ಮತ್ತೆ ಹಳದಿಗೆ ಬಂತು.

ಒಣಗಿದ್ಮೇಲೆ ಎಣ್ಣೆ ಜಿಡ್ಡಿಗೆ ಟಾಲ್ಕಂ ಪೌಡರ್ ಉದುರಿಸಿ ರಾತ್ರಿಯೆಲ್ಲ ಬಿಟ್ಟೆ, ಬೆಳಿಗ್ಗೆ ಕೊಡವಿ ತಣ್ಣೀರಿಗೆ ಒಂಚೂರು ಬೇಬಿ ಶಾಂಪೂ ಹಾಕಿ ಉಜ್ಜದೆ ಮೆತ್ತಗೆ ಒತ್ತಿ ತೊಳ್ದೆ, ಹಿಂಡ್ಲಿಲ್ಲ, ಟವೆಲ್‌ನಲ್ಲಿ ಸುತ್ತಿ ನೀರು ತೆಗ್ದೆ. ಉಳಿದ ಹಳದಿಗೆ ಬೆಳಗಿನ ಎಳೆ ಬಿಸಿಲು, ಕಲೆ ಇದ್ದ ಜಾಗಕ್ಕೆ ಮಾತ್ರ, ದಿನಕ್ಕೆ ಅರ್ಧ ಗಂಟೆ, 3 ದಿನ. ಈಗ ಹುಡುಕಿದ್ರೆ ಮಾತ್ರ ಕಾಣುತ್ತೆ.

ಬ್ಲೀಚ್ ಹಾಕು ಅಂದೋರೆ, ಹಾಕಿದ್ರೆ ರೇಷ್ಮೆನೇ ಹಾಳಾಗ್ತಿತ್ತು ಮಾರಾಯ್ರೆ.

ಇಸ್ತ್ರಿ ಒಳಮಗ್ಗುಲಿಂದ, ಕಡಿಮೆ ಬಿಸಿಯಲ್ಲಿ, ಜರಿ ಅಂಚಿನ ಮೇಲೆ ತೆಳು ಬಟ್ಟೆ ಹಾಕಿ ಮಾಡ್ದೆ. ಈಗ ಪ್ಲಾಸ್ಟಿಕ್ ಕವರ್ ಬಿಟ್ಟು ಅಮ್ಮನ ಹಳೇ ಕಾಟನ್ ಸೀರೆ ತುಂಡಲ್ಲಿ ಸುತ್ತಿಟ್ಟಿದೀನಿ. ಶಲ್ಯಕ್ಕೂ ಎರಡು ಹನಿ ಬಿದ್ದಿತ್ತಂತೆ, ನಿನ್ನೆ ನೋಡ್ದೆ, ಇವತ್ತು ಪೌಡರ್ ಹಾಕಿದೀನಿ.