ಸಹಾಯ ಬೇಕು: ಅಂಗಡಿಯಲ್ಲಿ ಕಲಿತ ಕೆಲಸಕ್ಕೆ ಸರ್ಟಿಫಿಕೇಟ್ ಹೇಗೆ?

ನಮಸ್ಕಾರ. ನನ್ನ ತಮ್ಮ ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿ ಹಾಸನದ ಒಂದು ಮೋಟಾರ್ ರಿವೈಂಡಿಂಗ್ (ಸುಟ್ಟ ಮೋಟಾರ್‌ಗೆ ಹೊಸ ತಂತಿ ಸುತ್ತೋ) ಅಂಗಡಿ ಸೇರಿ ಎಂಟು ತಿಂಗಳಾಯ್ತು. ಕೆಲಸ ಚೆನ್ನಾಗೇ ಕಲ್ತಿದಾನೆ. ಸುಟ್ಟ ಪಂಪ್‌ಸೆಟ್ ಮೋಟಾರ್ ಬಂದ್ರೆ ಹಳೇ ಕಾಯಿಲ್‌ನ ಸುತ್ತು ಎಣಿಸಿ, ತಂತಿ ಗೇಜ್ ಅಳೆದು, ಕನೆಕ್ಷನ್ ಬರ್ಕೊಂಡ ಮೇಲೇ ಬಿಚ್ಚೋದು. ಕಾಯಿಲ್‌ಗೆ ಹಾಕೋ ವಾರ್ನಿಶ್ ಸರಿಯಾಗಿ ಒಣಗದಿದ್ರೆ ಏನಾಗುತ್ತೆ ಅನ್ನೋದು ಎರಡು ವರ್ಷದ ಪಾಠದಲ್ಲಿ ತಲೆಗೆ ಹತ್ತಿರಲಿಲ್ವಂತೆ!

ಆದ್ರೆ ಕೈಯಲ್ಲಿ ಕಾಗದ ಒಂದೂ ಇಲ್ಲ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಒಪ್ಪಂದ ನೋಂದಣಿ ಆಗ್ಬೇಕು, ಆಗ ಸ್ಟೈಪೆಂಡೂ ಸಿಗುತ್ತೆ. ಓನರ್ ಒಳ್ಳೇ ಮನುಷ್ಯರೇ, ನೋಂದಣಿ ಮಾಡೋ ಸರ್ಕಾರಿ ಪೋರ್ಟಲ್ ಅಂದ್ರೆ ಮಾತ್ರ ಮಾರು ದೂರ. ಬೇರೆ ಕಡೆ ಅಪ್ರೆಂಟಿಸ್ ಆಗಿ ಸೇರಿದ್ರೆ ಈ ಎಂಟು ತಿಂಗಳು ಲೆಕ್ಕಕ್ಕೆ ಬರುತ್ತಾ? ಹಾಸನದ ಸುತ್ತಮುತ್ತ ಯಾರು ತಗೋತಾರೆ? ಮಾಡಿ ಮುಗಿಸಿದೋರು ಇದ್ರೆ ದಯವಿಟ್ಟು ತಿಳಿಸಿ. ವರ್ಷವಿಡೀ ಟೀ ತರಿಸೋ ಜಾಗ ಬೇಡ.