ಕಾಮನ್‌ವೆಲ್ತ್ ಅಂದರೆ ‘ಎಲ್ಲರ ಸಂಪತ್ತು’ ಅಂತ ಬರೆದರೆ ತಪ್ಪಾ?

ಸಿಂಧನೂರು ಅಕ್ಕ: ಮಗಳು ಒಂಬತ್ತನೇ ಕ್ಲಾಸು. ನೋಟ್‌ಬುಕ್ಕಿನಲ್ಲಿ ‘ಕಾಮನ್‌ವೆಲ್ತ್ ಅಂದರೆ ಎಲ್ಲರ ಸಂಪತ್ತು’ ಅಂತ ಬರೆದಿದ್ದಳು. ಕೆಂಪು ಮಸಿಯಲ್ಲಿ ಹಾಳೆ ಹರಿಯುವ ಹಾಗೆ ಗೆರೆ ಎಳೆದು, ಪಕ್ಕದಲ್ಲಿ ‘ಬ್ರಿಟಿಷರು ಆಳಿದ ದೇಶಗಳ ಒಕ್ಕೂಟ’ ಅಂತ ತಿದ್ದಿ ಕಳಿಸಿದ್ದಾರೆ. ಅವಳದು ಅಷ್ಟು ದೊಡ್ಡ ತಪ್ಪಾ?

ಬಳ್ಳಾರಿ ಕೋಟೆ: ತಿದ್ದಿದ್ದು ಸರಿ ಇದೆ ಅಕ್ಕ. ಒಟ್ಟು 56 ದೇಶ. ಎಲ್ಲವೂ ನಮ್ಮ ಹಾಗೆ ಬ್ರಿಟಿಷರ ಕೆಳಗೆ ಇದ್ದವೇ.

ಕೊಪ್ಪಳ ಮೇಷ್ಟ್ರು: ‘ಎಲ್ಲವೂ’ ಅನ್ನಬೇಡಿ. ಮೊಜಾಂಬಿಕ್ ಪೋರ್ಚುಗೀಸರ ಕೈಯಲ್ಲಿತ್ತು, ಆದರೂ 1995ರಲ್ಲಿ ಸೇರಿತು. ಪದ ಈ ಒಕ್ಕೂಟಕ್ಕಿಂತ ಎಷ್ಟೋ ಹಳೆಯದು. ‘ವೆಲ್ತ್’ ಅಂದರೆ ಮೊದಲು ದುಡ್ಡಲ್ಲ, ಒಳಿತು. 1649ರಲ್ಲಿ ಇಂಗ್ಲೆಂಡಿನವರು ರಾಜ ಮೊದಲನೇ ಚಾರ್ಲ್ಸ್‌ನ ತಲೆ ಕಡಿದು, ರಾಜನಿಲ್ಲದ ದೇಶಕ್ಕೆ ಇದೇ ಹೆಸರಿಟ್ಟರು. ಹುಡುಗಿ ಮೂಲದ ಹತ್ತಿರವೇ ಇದ್ದಾಳೆ.

ರಾಯಚೂರು ದೋಆಬ್: ಕೋಟೆಯವರೇ, ‘ನಮ್ಮ ಹಾಗೆ’ ಅಂದರೆ ಯಾರ ಹಾಗೆ? ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಸರಿ. ನಾವು ಹೈದರಾಬಾದ್ ನಿಜಾಮನ ಕೆಳಗಿದ್ದವರು. ನಮಗೆ ಬಿಡುಗಡೆ ಸಿಕ್ಕಿದ್ದು 1948ರ ಸೆಪ್ಟೆಂಬರ್ 17ಕ್ಕೆ.

ಬಳ್ಳಾರಿ ಕೋಟೆ: ನಿಜಾಮ ಯಾರ ಕೆಳಗಿದ್ದ ಮತ್ತೆ? 1800ರಲ್ಲಿ ಬಳ್ಳಾರಿಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟವನೇ ಅವನು.

ರಾಯಚೂರು ದೋಆಬ್: ಕೊಟ್ಟಿದ್ದು ಬಳ್ಳಾರಿಯನ್ನು. ರಾಯಚೂರನ್ನಲ್ಲ. ಅಲ್ಲಿಗೆ ನಿಮ್ಮ ವಾದ ಮುಗೀತು.

ಬಳ್ಳಾರಿ ಕೋಟೆ: ಮುಗಿದಿಲ್ಲ. 1853ರಲ್ಲಿ ಸೈನ್ಯದ ಬಾಕಿಗಾಗಿ ಕೃಷ್ಣಾ, ತುಂಗಭದ್ರಾ ನಡುವಿನ ರಾಯಚೂರು ದೋಆಬನ್ನೂ ಬ್ರಿಟಿಷರಿಗೆ ಒಪ್ಪಿಸಿದ. ವಾಪಸ್ ಬಂದಿದ್ದು 1860ರಲ್ಲಿ. ಹೆಸರೇ ದೋಆಬ್ ಅಂತ ಇಟ್ಟುಕೊಂಡಿದ್ದೀರಿ, ಇದು ಗೊತ್ತಿಲ್ವಾ?

ಸಂಡೂರು ಹುಡುಗ: ಬಳ್ಳಾರಿ ಜಿಲ್ಲೆ ಪೂರ್ತಿ ಬ್ರಿಟಿಷರದು ಅನ್ನೋದೂ ತಪ್ಪು. ನಮ್ಮ ಸಂಡೂರು ಘೋರ್ಪಡೆಯವರ ಸಂಸ್ಥಾನ.

ರಾಯಚೂರು ದೋಆಬ್: ಏಳು ವರ್ಷ ಹಿಡಿದುಕೊಂಡು ಕೂತಿದ್ದೀರಲ್ಲ! ನಮ್ಮ ಅಜ್ಜ ನಿಜಾಮನ ಕಡೆಯ ರಜಾಕಾರರ ಪಡೆಯ ಹೆದರಿಕೆಗೆ ರಾತ್ರಿ ಜೋಳದ ಹೊಲದಲ್ಲಿ ಮಲಗುತ್ತಿದ್ದರು. ಅಜ್ಜಿ ಹಿತ್ತಾಳೆ ಕೊಡ, ತಂಬಿಗೆ ಎಲ್ಲ ಬಾವಿಗೆ ಇಳಿಬಿಟ್ಟಿದ್ದರು. ಅದನ್ನೆಲ್ಲ ‘ಬ್ರಿಟಿಷರ ಕೆಳಗೆ’ ಅಂತ ಒಂದೇ ಮಾತಿನಲ್ಲಿ ಒರೆಸಿಹಾಕಬೇಡಿ.

ಸಿಂಧನೂರು ಅಕ್ಕ: ನಾನು ಕೇಳಿದ್ದು ನೋಟ್‌ಬುಕ್ಕಿನ ವಿಷಯ ರೀ.

ಕೊಪ್ಪಳ ಮೇಷ್ಟ್ರು: ಅದಕ್ಕೇ ಬರುತ್ತೇನೆ ತಂಗಿ. ಅಮೆರಿಕದಲ್ಲಿ ವರ್ಜೀನಿಯಾ, ಪೆನ್ಸಿಲ್ವೇನಿಯಾ, ಮ್ಯಾಸಚೂಸೆಟ್ಸ್, ಕೆಂಟಕಿ ರಾಜ್ಯಗಳು ತಮ್ಮನ್ನು ಕಾಮನ್‌ವೆಲ್ತ್ ಅಂತಲೇ ಕರೆದುಕೊಳ್ಳುತ್ತವೆ. ಆಸ್ಟ್ರೇಲಿಯಾ 1901ರಿಂದ ಕಾಮನ್‌ವೆಲ್ತ್ ಆಫ್ ಆಸ್ಟ್ರೇಲಿಯಾ.

ಬಳ್ಳಾರಿ ಕೋಟೆ: ಆಸ್ಟ್ರೇಲಿಯಾ ಆಳಿದ್ದು ಯಾರು ಮೇಷ್ಟ್ರೇ? ಬ್ರಿಟಿಷರೇ ಅಲ್ವಾ?

ಕೊಪ್ಪಳ ಮೇಷ್ಟ್ರು: ವರ್ಜೀನಿಯಾ ಬಿಟ್ಟು ಆಸ್ಟ್ರೇಲಿಯಾ ಮಾತ್ರ ಹಿಡಿದಿರಿ. 1776ರಲ್ಲಿ ಬ್ರಿಟಿಷ್ ರಾಜನನ್ನು ಬೇಡವೆಂದು ಆ ಹೆಸರು ಇಟ್ಟುಕೊಂಡವರು ಅವರು.

ಸಂಡೂರು ಹುಡುಗ: ಜನಕ್ಕೆ ಗೊತ್ತಿರೋದು ಕ್ರೀಡಾಕೂಟ ಸರ್. 2010ರಲ್ಲಿ ದೆಹಲಿಯಲ್ಲಿ ನಮಗೆ 101 ಪದಕ.

ಬಳ್ಳಾರಿ ಕೋಟೆ: 1853ರ ಒಪ್ಪಂದ ನಾಳೆ ಇಲ್ಲೇ ಹಾಕುತ್ತೇನೆ. ಆಮೇಲೆ ಮಾತಾಡೋಣ.

ರಾಯಚೂರು ದೋಆಬ್: ಹಾಕಿ. 1860ರದ್ದನ್ನೂ ಜೊತೆಗೇ ಹಾಕಿ.